ಎಲೆ ನೋಡಿ ಕೆಟ್ಟೆ

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನನ್ನು ಊರು ಸುಮ್ಮನೆ ಬಿಡುವುದಿಲ್ಲ. ಗಿಡಕ್ಕೆ ಹುಳ ಬಿತ್ತೇ, ಮೊಗ್ಗು ಉದುರಿತೇ, 'ಮೇಷ್ಟ್ರನ್ನ ಕೇಳಿ, ಅವರಿಗೆ ಗೊತ್ತಿರುತ್ತೆ' ಅನ್ನುತ್ತದೆ. ನನಗೂ ಆ ಮರ್ಯಾದೆ ಹಿತವಾಗಿತ್ತು. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ ಎಂದು ವರ್ಗವಾಗುತ್ತ ತಿರುಗಿ ಕೊನೆಗೆ ಹಾಸನದಲ್ಲಿ ಮನೆ ಕಟ್ಟಿಕೊಂಡವನು ನಾನು. ಹೋದಲ್ಲೆಲ್ಲ ಬಾಡಿಗೆ ಮನೆಯ ಮುಂದೆ ಹೂವಿನ ಗಿಡ ನೆಟ್ಟೆ, ಕೇಳಿದವರಿಗೆಲ್ಲ ರೋಗದ ಹೆಸರು ಹೇಳಿದೆ. ಹೇಳಿದ್ದರಲ್ಲಿ ಎಷ್ಟು ತಪ್ಪಿತ್ತು ಎಂಬುದು ತಿಳಿದದ್ದು ನಿವೃತ್ತಿಯಾದ ಮೇಲೆ, ಸ್ವಂತ ದುಡ್ಡು ಹಾಕಿ ಕನಕಾಂಬರ ಬೆಳೆದಾಗ.

ಜಮೀನು ನನ್ನಾಕೆಯ ತವರಿನದು. ಅರಕಲಗೂಡು ತಾಲ್ಲೂಕಿನಲ್ಲಿ ರಾಮನಾಥಪುರದ ಕಡೆ. ಕಾವೇರಿಯೂ ಹತ್ತಿರ, ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯೂ ಹತ್ತಿರ. ಕೆಂಪು ಮರಳು ಮಣ್ಣು, ಮಳೆ ಬಂದರೆ ನೀರು ನಿಲ್ಲುವುದಿಲ್ಲ. ಭಾಗವಾದಾಗ ಆಕೆಯ ಪಾಲಿಗೆ ಬಂದದ್ದು ಹತ್ತು ಗುಂಟೆ. ಹಿಂದೆ ಅಲ್ಲಿ ವರ್ಷಾ ವರ್ಷಾ ಹೊಗೆಸೊಪ್ಪಿನ ಒಟ್ಲು ಪಾತಿ ಹಾಕುತ್ತಿದ್ದರಂತೆ. ಸಸಿ ಬೆಳೆಸಿದ ಜಾಗ, ಮಣ್ಣು ಹದವಾಗಿರುತ್ತದೆ, ನೀರಿನ ಅನುಕೂಲವೂ ಇದೆ ಎಂದು ನಾನು ಸಂತೋಷಪಟ್ಟೆ.

ಕನಕಾಂಬರ ಕಾಸಿನ ಆಸೆ ಹುಟ್ಟಿಸುವ ಹೂ. ಒಂದೊಂದು ಹೂವಿಗೆ ತೂಕವೇ ಇಲ್ಲ. ಬೆಳಕು ಹರಿಯುವ ಮುಂಚೆ ಬಿಡಿಸಲು ಕೂತರೆ ಸೊಂಟ ಬೀಳುತ್ತದೆ, ತಕ್ಕಡಿ ಏಳುವುದಿಲ್ಲ. ಆದರೂ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಅದರ ರೇಟು ಕೇಳಿದವರು ಅಲ್ಲಿಂದಲೇ ಜಮೀನು ಹುಡುಕಲು ಹೊರಡುತ್ತಾರೆ. ನಾನು ಹಾಗೆ ಹೊರಟವನು.

ಮೊದಲ ಹೂವು ಚೆನ್ನಾಗಿಯೇ ಬಂತು. ಆಮೇಲೆ ಒಂದು ಮೂಲೆಯ ಗಿಡಗಳು ಕುಳ್ಳಾದವು. ಕೆಳಗಿನ ಎಲೆ ಹಳದಿಯಾಯಿತು, ತೆನೆ ಮೋಟಾಯಿತು. ಹನ್ನೊಂದು ಗಂಟೆಯ ಬಿಸಿಲಿಗೆ ತಲೆ ಬಾಗಿಸಿದ ಗಿಡ ಸಂಜೆ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತಿತ್ತು. ಬುಡದ ಮಣ್ಣು ಮುಟ್ಟಿದರೆ ಒದ್ದೆ. ಹಾಸನಾಂಬೆಯ ಗರ್ಭಗುಡಿಯಲ್ಲಿಟ್ಟ ಹೂವು ಮರುವರ್ಷ ಬಾಗಿಲು ತೆಗೆಯುವವರೆಗೂ ಬಾಡುವುದಿಲ್ಲ ಎಂದು ನಂಬುವ ಜಿಲ್ಲೆಯಲ್ಲಿ ನನ್ನ ಹೂವು ಗಿಡದಲ್ಲೇ ಮಧ್ಯಾಹ್ನಕ್ಕೆ ಬಾಡುತ್ತಿತ್ತು.

ಹಾಸನದ ಕಡೆಯವನಿಗೆ ಗಿಡ ಕೆಟ್ಟಿತೆಂದರೆ ಮೊದಲು ಕಣ್ಣ ಮುಂದೆ ಬರುವುದು ಆಲೂಗಡ್ಡೆಯ ಅಂಗಮಾರಿ. ನಾನು ಚಿಕ್ಕವನಿದ್ದಾಗ ಮುಂಗಾರು ಬಂತೆಂದರೆ ಜಲಂಧರ್‌ನ ಬಿತ್ತನೆ ಗಡ್ಡೆಯ ಲೋಡು ಬರುತ್ತಿತ್ತು. ಕಣ್ಣು ಹಾಯಿಸಿದ ಕಡೆಯೆಲ್ಲ ಆಲೂಗಡ್ಡೆ. ಜಿಟಿಜಿಟಿ ಮಳೆ ಹಿಡಿದು, ಮೋಡ ಕವಿದು ಕೂತರೆ ಸಾಕು, ಹಸಿರಾಗಿದ್ದ ಹೊಲ ನೋಡುತ್ತಿದ್ದಂತೆ ಕರಕಲಾಗುತ್ತಿತ್ತು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ನಾಶಮಾಡಿ ಕ್ಷಾಮ ತಂದದ್ದೂ ಇದೇ ರೋಗ. ನಮ್ಮಲ್ಲಿ ಕ್ಷಾಮ ಬರಲಿಲ್ಲ, ಆಲೂಗಡ್ಡೆಯ ಹೊಲಗಳಿಗೆ ಮುಸುಕಿನ ಜೋಳ, ಶುಂಠಿ ಬಂತು. ಅಂಗಮಾರಿ ಇನ್ನೊಂದನ್ನೂ ಬಿಟ್ಟುಹೋಯಿತು: ಎಲೆ ಬಣ್ಣ ತಿರುಗಿದರೆ ಸಾಕು, ಹಿಂದೆಮುಂದೆ ನೋಡದೆ ಎಂ-45 ಕದಡಿ ಹೊಡೆಯುವ ಅಭ್ಯಾಸ. ನಮ್ಮ ತಂದೆಗೆ ಅದಿತ್ತು. ಓದಿದ ನನಗೂ ಇತ್ತು.

ಅಂಗಮಾರಿ ತಗುಲಿದ ಎಲೆಯಲ್ಲಿ ನೀರಲ್ಲಿ ನೆನೆದಂಥ ಕಪ್ಪು ಮಚ್ಚೆ ಇರುತ್ತದೆ. ಬೆಳಗಿನ ತೇವದಲ್ಲಿ ಎಲೆ ತಿರುಗಿಸಿದರೆ ಮಚ್ಚೆಯ ಅಂಚಿನಲ್ಲಿ ಬಿಳಿ ಬೂಷ್ಟು ಕಾಣುತ್ತದೆ. ನನ್ನ ಕನಕಾಂಬರದಲ್ಲಿ ಮಚ್ಚೆಯೂ ಇಲ್ಲ, ಬೂಷ್ಟೂ ಇಲ್ಲ. ಆದರೂ ಹೊಡೆದೆ. ಹಳದಿ ಹೋಗಲಿಲ್ಲ. ಸಾರಜನಕದ ಕೊರತೆ ಇರಬೇಕೆಂದು ಯೂರಿಯಾ ಕೊಟ್ಟೆ. ಅಲ್ಲಲ್ಲಿ ಕುಡಿ ಎಳೆಯಾಗಿ ಒಡೆಯಿತು, ಆ ಎಳೆ ಕುಡಿಗೆ ಸಸ್ಯಹೇನು ಮುತ್ತಿತು. ಹೇನಿಗೆಂದು ಇನ್ನೊಂದು ಡಬ್ಬಿ ತಂದೆ. ಬಾಡುವುದು ನಿಲ್ಲಲಿಲ್ಲವಲ್ಲ, ನೀರು ಸಾಲದೇನೋ ಎಂದು ದಿನ ಬಿಟ್ಟು ದಿನ ಹಾಯಿಸುತ್ತಿದ್ದವನು ದಿನವೂ ಹಾಯಿಸಿದೆ. ಒಂದು ಬೆಳಗ್ಗೆ ನನ್ನಾಕೆ ಹೂ ಬಿಡಿಸುತ್ತ ಕೈ ಮೂಸಿ ನೋಡಿಕೊಂಡು, 'ಏನ್ರೀ, ಇದನ್ನ ದೇವರ ತಲೆ ಮೇಲೆ ಇಡೋದಾ?' ಅಂದಳು. ಅವತ್ತಿನಿಂದ ಮುಡಿಯುವುದನ್ನೂ ಬಿಟ್ಟಳು. ಮಾರುವುದನ್ನು ಮಾತ್ರ ನಾನು ಬಿಡಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಪರೀಕ್ಷೆಯನ್ನೇ ಮಾಡಲಿಲ್ಲ ಎಂದರೆ ತಪ್ಪಾದೀತು. ಶುಂಠಿ ಬೆಳೆಯುವವರಿಂದ ಕಲಿತದ್ದೊಂದಿತ್ತು. ಬಾಡಿದ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ಗಾಜಿನ ಲೋಟದ ನೀರಿಗೆ ತುದಿ ತಾಗುವಂತೆ ಹಿಡಿದರೆ, ದುಂಡಾಣುವಿನಿಂದ ಸೊರಗಿದ್ದಾದರೆ ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ನೀರಿನೊಳಗೆ ಇಳಿಯುತ್ತದೆ. ಹಾಗೆ ಹಿಡಿದೆ. ನೀರು ತಿಳಿಯಾಗಿಯೇ ಉಳಿಯಿತು. ಸದ್ಯ, ಅದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅದಲ್ಲದಿದ್ದರೆ ಮತ್ತೇನು ಎಂದು ಕೇಳಿಕೊಳ್ಳಲಿಲ್ಲ. ಪೂರ್ತಿ ಒಣಗಿದ ಗಿಡದ ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡಿತು. ಫ್ಯುಸೇರಿಯಂ ಶಿಲೀಂಧ್ರದ ಸೊರಗು ರೋಗ ಎಂದು ತೀರ್ಮಾನಿಸಿ ಬುಡಕ್ಕೆ ಕಾರ್ಬೆಂಡಜಿಂ ಸುರಿದೆ. ಆ ತೀರ್ಮಾನ ಅರ್ಧ ಸರಿ. ಉಳಿದರ್ಧ ಮಣ್ಣಿನೊಳಗಿತ್ತು.

ಪಕ್ಕದ ಜಮೀನಿನವರು ಹೊಗೆಸೊಪ್ಪಿನಲ್ಲೇ ತಲೆ ನರೆಸಿಕೊಂಡ ಗೌಡರು. ಬದುವಿನ ಮೇಲೆ ನಿಂತು ಮೂಗು ಅರಳಿಸಿ, 'ಏನ್ ಮೇಷ್ಟ್ರೇ, ಹೂವಿನ ತೋಟದಲ್ಲಿ ಔಷಧಿ ಅಂಗಡಿ ವಾಸ್ನೆ ಬತ್ತದೆ?' ಅಂದರು. ನಾನು ಶಿಲೀಂಧ್ರ, ಸಾರಜನಕ ಎಂದು ಶುರುಮಾಡಿದೆ. ಅವರು ಕೇಳಿದ್ದು ಒಂದೇ ಮಾತು.

'ಕಿತ್ತು ನೋಡಿದ್ರಾ?'

'ಬದುಕಿರೋ ಗಿಡ ಯಾಕೆ ಕೀಳಬೇಕು ಗೌಡ್ರೇ?'

'ಸತ್ತಿದ್ದನ್ನಾದ್ರೂ ಕಿತ್ತಿರ್ಬೇಕಲ್ಲ.'

ಕಿತ್ತಿದ್ದೆ. ಕಿತ್ತು, ಬೇರಿನ ಕಡೆ ಕಣ್ಣು ಹಾಯಿಸದೆ ಬದುವಿನಾಚೆ ಎಸೆದಿದ್ದೆ. ಗೌಡರು ಗುದ್ದಲಿ ತೆಗೆದುಕೊಂಡರು. ಪೂರ್ತಿ ಸತ್ತ ಗಿಡವನ್ನೂ ಮುಟ್ಟಲಿಲ್ಲ, ಚೆನ್ನಾಗಿರುವುದನ್ನೂ ಮುಟ್ಟಲಿಲ್ಲ. ನಡುವೆ ಹಳದಿಗೆ ತಿರುಗುತ್ತಿದ್ದ ಒಂದನ್ನು ಆರಿಸಿ, ಸುತ್ತ ಬಿಡಿಸಿ, ಮಣ್ಣಿನ ಹೆಂಟೆ ಸಮೇತ ಎತ್ತಿ ನೀರಿನ ಬಕೆಟ್ಟಿಗೆ ಅದ್ದಿದರು. ಜಗ್ಗಿ ಕಿತ್ತರೆ ಎಳೆ ಬೇರೆಲ್ಲ ಮಣ್ಣಲ್ಲೇ ಹರಿದು ಉಳಿಯುತ್ತದೆ, ನೋಡಬೇಕಾದದ್ದು ಆ ಎಳೆ ಬೇರನ್ನೇ ಎಂದರು. ಅಲುಗಿಸಿ ಅಲುಗಿಸಿ ಮಣ್ಣು ಬಿಡಿಸಿ ಮೇಲೆತ್ತಿದರು. ಬೇರು ಬೇರಾಗಿರಲಿಲ್ಲ. ಉದ್ದಕ್ಕೂ ಗಂಟು, ಗಂಟಿನ ಪಕ್ಕದಲ್ಲಿ ಗಂಟು, ರುದ್ರಾಕ್ಷಿ ಸರ ಪೋಣಿಸಿದ ಹಾಗೆ.

ಬದುವಿನಲ್ಲಿದ್ದ ಅಲಸಂದೆ ಗಿಡವೊಂದನ್ನೂ ಎಬ್ಬಿಸಿ ಅವರು ನನ್ನ ಕೈಗಿಟ್ಟರು. ಅದರ ಬೇರಿನಲ್ಲೂ ಗಂಟು. ಹೆಬ್ಬೆರಳಿನಿಂದ ಉಜ್ಜಿ ಎಂದರು. ಅಲಸಂದೆಯದು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು, ಉಜ್ಜಿದರೆ ಕಳಚಿ ಬಂತು. ಉಗುರಲ್ಲಿ ಒಡೆದರೆ ಒಳಗೆ ಗುಲಾಬಿ ಬಣ್ಣ. ಗಾಳಿಯ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಗಂಟು ಅದು. ಕನಕಾಂಬರದ್ದು ಎಷ್ಟು ಉಜ್ಜಿದರೂ ಬರಲಿಲ್ಲ, ಏಕೆಂದರೆ ಅಲ್ಲಿ ಬೇರೇ ಊದಿಕೊಂಡಿತ್ತು. ಮಕ್ಕಳಿಗೆ ರೈಜೋಬಿಯಂ ಪಾಠವನ್ನು ಪ್ರತಿವರ್ಷ ಮಾಡಿದವನು ನಾನು. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಗಂಟು ಬರೆದು ಭಾಗಗಳನ್ನು ಗುರುತಿಸಿದವನು. ಇನ್ನೊಂದು ಗಂಟಿದೆ ಎಂಬುದು ಆ ಪಾಠದಲ್ಲಿ ಇರಲಿಲ್ಲ. ಹಾಗೆಂದು ಪಠ್ಯಪುಸ್ತಕದ ಮೇಲೆ ಗೂಬೆ ಕೂರಿಸಲಾರೆ. ಸಸಿ ನೆಡುವಾಗಲೇ ಕೆಲವು ಬೇರಿನಲ್ಲಿ ಸಣ್ಣ ಉಬ್ಬು ಕಂಡಿತ್ತು. ಕನಕಾಂಬರ ದ್ವಿದಳ ಧಾನ್ಯದ ಜಾತಿಯಲ್ಲ, ಅದಕ್ಕೆ ಆ ಗಂಟು ಇರಬಾರದು ಎಂಬುದು ಗೊತ್ತಿದ್ದೂ, ಕೆಲಸದವರು ಕಾಯುತ್ತಿದ್ದಾರೆ ಎಂದು ನೆಟ್ಟೆ.

ಶಾಲೆಯಿಂದ ಜೊತೆಗೆ ಬಂದಿದ್ದ ಹತ್ತು ಪಟ್ಟಿನ ಮಸೂರ ಮನೆಯಲ್ಲಿತ್ತು. ರಾತ್ರಿ ದೀಪದಡಿ ಒಂದು ಗಂಟನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಸಾಸಿವೆಗಿಂತ ತೀರಾ ಚಿಕ್ಕದಾದ ಬೆಳ್ಳನೆಯ, ಹೊಳೆಯುವ, ಒಂದು ತುದಿ ಚೂಪಾದ ಚುಕ್ಕೆಗಳಿದ್ದವು. ಬೇರುಗಂಟು ಜಂತುಹುಳುವಿನ ಹೆಣ್ಣು. ಒಂದೊಂದೂ ಅಂಟಿನ ಚೀಲದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿ, ಬರಿಗಣ್ಣಿಗೆ ಕಾಣದ ದಾರದಂಥದು, ಬೇರಿನ ತುದಿಯಲ್ಲಿ ನುಗ್ಗಿ ಒಂದೆಡೆ ನೆಲೆಯೂರುತ್ತದೆ. ಅದರ ಜೊಲ್ಲಿಗೆ ಸುತ್ತಲಿನ ಜೀವಕೋಶಗಳು ದೈತ್ಯವಾಗಿ ಊದುತ್ತವೆ. ನಮ್ಮ ಸೆಕೆಗೆ ಒಂದು ತಲೆಮಾರು ಮುಗಿಯಲು ಸುಮಾರು ಒಂದು ತಿಂಗಳು ಸಾಕು. ಇಷ್ಟಾದ ಮೇಲೆ ಬೇರಿಗೆ ನೀರೆತ್ತುವ ಶಕ್ತಿ ಎಲ್ಲಿಯದು? ಬಿಸಿಲೇರಿದಾಗ ಎಲೆ ಕೇಳಿದಷ್ಟು ನೀರು ಬರುವುದಿಲ್ಲ, ಬಾಡುತ್ತದೆ. ಸಂಜೆ ತಂಪಾದಾಗ ಸಾಲುತ್ತದೆ, ಏಳುತ್ತದೆ. ಹುಳು ಮಾಡಿದ ಗಾಯದಿಂದ ಫ್ಯುಸೇರಿಯಂ ಒಳಹೊಕ್ಕು ಗಿಡವನ್ನು ಪೂರ್ತಿ ಮುಗಿಸುತ್ತದೆ. ಕನಕಾಂಬರದ ಸೊರಗಿನಲ್ಲಿ ಜಂತುಹುಳುವೂ ಈ ಶಿಲೀಂಧ್ರವೂ ಕೂಡಿ ಕೆಲಸ ಮಾಡುವುದು ವಿಜ್ಞಾನಿಗಳಿಗೆ ಹಳೆಯ ಸಂಗತಿ. ದಿನವೂ ನೀರು ಹಾಯಿಸಿದ ನಾನು, ಆ ಮೂಲೆಯ ಹುಳುವನ್ನು ಕಾಲುವೆಯುದ್ದಕ್ಕೂ ಹರಿಯಬಿಟ್ಟೆ.

ಗೌಡರಿಗೆ ಇದು ಗೊತ್ತಿದ್ದುದಕ್ಕೆ ಕಾರಣ ಹೊಗೆಸೊಪ್ಪು. ಅದರ ಒಟ್ಲಿನಲ್ಲಿ ಇದೇ ಹುಳುವಿನ ಕಾಟ. ಅದಕ್ಕೇ ಬಿತ್ತುವ ಮುಂಚೆ ಪಾತಿಯ ಮೇಲೆ ಹೊಟ್ಟು, ಕಸಕಡ್ಡಿ ಹರಡಿ ಸುಡುವ ಪದ್ಧತಿ ಇತ್ತು, ಬೇಸಗೆಯಲ್ಲಿ ಉತ್ತು ಮಣ್ಣು ಬಿಸಿಲಿಗೆ ಒಡ್ಡುವುದಿತ್ತು, ಹೊಲದಲ್ಲಿ ಹೊಗೆಸೊಪ್ಪಾದ ಮೇಲೆ ರಾಗಿ ಹಾಕುವುದಿತ್ತು. ಹದವಾದ ಮಣ್ಣು ಎಂದು ನಾನು ಆರಿಸಿದ ಜಾಗ ವರ್ಷಗಟ್ಟಲೆ ಆ ಹುಳುವಿಗೆ ಊಟ ಹಾಕಿದ ಜಾಗ.

ಗುರುತು ಸಿಕ್ಕ ಮೇಲೂ ಎಡವಿದೆ. ಮಣ್ಣು ಪರೀಕ್ಷೆ ಮಾಡಿಸೋಣವೆಂದು, ರಸಸಾರ, ಪೊಟ್ಯಾಷ್ ನೋಡಿಸಲು ಮಾಡುತ್ತೇವಲ್ಲ, ಹಾಗೆ ಮಣ್ಣನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಬಟ್ಟೆಯ ಚೀಲದಲ್ಲಿ ಒಯ್ದೆ. ಚೀಲ ಬಿಚ್ಚಿದವರು ನನ್ನ ಮುಖ ನೋಡಿದರು. ಜಂತುಹುಳು ತೇವದಲ್ಲಿ ಈಜುವ ಜೀವಿ. ಅದನ್ನು ಲೆಕ್ಕ ಹಾಕಬೇಕಾದರೆ ಬೇರಿನ ಸುತ್ತಲಿನ ಒದ್ದೆ ಮಣ್ಣನ್ನು ಎಳೆ ಬೇರಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗಿಸದೆ ಬೇಗ ತಲುಪಿಸಬೇಕು. ನಾನು ಹುಳುವನ್ನೇ ಒಣಗಿಸಿ ಒಯ್ದಿದ್ದೆ.

ನಿಂತ ಬೆಳೆಯಲ್ಲಿ ಇದನ್ನು ಪೂರ್ತಿ ಕಳೆಯುವ ದಾರಿ ಇಲ್ಲ. ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಪೆಸಿಲೋಮೈಸಿಸ್ ಶಿಲೀಂಧ್ರ, ಇವೆಲ್ಲ ಕಡಿಮೆ ಮಾಡುತ್ತವೆ ಅಷ್ಟೆ. ನಾವು ಗಿಡಗಳನ್ನು ಬೇರಿನ ಚೂರು ಉಳಿಯದಂತೆ ಅಗೆದು ಸುಟ್ಟೆವು, ಬೇಸಗೆಯಲ್ಲಿ ಉತ್ತು ಬಿಟ್ಟೆವು. ಆಮೇಲೆ ಒತ್ತಾಗಿ ಚೆಂಡು ಹೂ. ಅದರ ಬೇರಿನಲ್ಲಿರುವ ಆಲ್ಫಾ-ಟರ್ಥಿಯೆನಿಲ್ ಎಂಬ ರಾಸಾಯನಿಕ ಈ ಹುಳುವಿಗೆ ವಿಷ. ಆದರೆ ಬದುವಿನಲ್ಲಿ ನಾಲ್ಕು ಚೆಂಡು ಹೂವಿನ ಗಿಡ ನೆಟ್ಟು ಹುಳು ಓಡಿತು ಎಂದುಕೊಳ್ಳುವುದು ಸುಳ್ಳು. ಹುಳು ಇರುವ ನೆಲದ ತುಂಬ ಅದೇ ಬೆಳೆ ತಿಂಗಳುಗಟ್ಟಲೆ ನಿಂತಿರಬೇಕು. ಸುಗಂಧರಾಜ ಹಾಕುವವರಿಗೂ ಇದೇ ಹುಳು ಕಾಡುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಶೃಂಗಾರ್' ತಳಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಇದೆ.

'ಕಿತ್ತು ನೋಡಿದ್ರಾ' ಎಂಬ ಮಾತು ಅಲ್ಲಿಗೇ ನಿಲ್ಲಲಿಲ್ಲ. ರಾತ್ರಿ ಮಲಗಿದರೆ ಹಳೆಯ ಗಿಡಗಳೆಲ್ಲ ನೆನಪಾಗತೊಡಗಿದವು.

ಚನ್ನರಾಯಪಟ್ಟಣದಲ್ಲಿದ್ದಾಗಿನ ಗುಲಾಬಿ. ಆ ತಾಲ್ಲೂಕಿನ ಜೀವ ಇರುವುದು ತೆಂಗಿನಲ್ಲಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಇತ್ತ ಹಬ್ಬಿದ ಮೇಲೆ, ಕಾಯಿಯ ತೊಟ್ಟಿನಡಿಯಿಂದ ಕಂದು ಮಚ್ಚೆ ಇಳಿದು ಕಾಯಿ ಸುಕ್ಕಾಗುವುದನ್ನು ನೋಡದ ಮನೆ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲೂ ನುಸಿಯದೇ ಮಾತು. ಹಾಗಿರುವಾಗ ಬೇಸಗೆಯಲ್ಲಿ ನನ್ನ ಗುಲಾಬಿ ಎಲೆ ಮೇಲೆ ಸೂಜಿಮೊನೆಯಷ್ಟು ಬಿಳಿಚುಕ್ಕೆ ತುಂಬಿ ಮಂಕಾದಾಗ, 'ನುಸಿ ಬಿದ್ದಿದೆ' ಎಂದು ಔಷಧಿ ಅಂಗಡಿಯಲ್ಲಿ ಹೇಳಿದೆ. ನಮ್ಮಲ್ಲಿ ಥ್ರಿಪ್ಸ್‌ಗೂ ನುಸಿ ಅನ್ನುತ್ತಾರೆ, ಮೈಟ್‌ಗೂ ನುಸಿ ಅನ್ನುತ್ತಾರೆ. ಅಂಗಡಿಯವನು ಥ್ರಿಪ್ಸ್‌ಗೆ ಹೊಡೆಯುವ ಇಮಿಡಾಕ್ಲೋಪ್ರಿಡ್ ಕೊಟ್ಟ. ನನ್ನ ಗಿಡದ್ದು ಮೈಟ್, ಕೆಂಪು ನುಸಿ.

ಥ್ರಿಪ್ಸ್ ಆರು ಕಾಲಿನ ಕೀಟ, ಮೈಟ್ ಎಂಟು ಕಾಲಿನ ಜೇಡದ ಬಳಗ. ಆ ಔಷಧಿ ಕೀಟದ ನರಕ್ಕೆ ಹತ್ತುತ್ತದೆ. ಮೈಟನ್ನು ಸಾಯಿಸುವುದಿಲ್ಲ, ಮೈಟನ್ನು ತಿಂದು ಬದುಕುವ ಕೀಟಗಳನ್ನು ಸಾಯಿಸುತ್ತದೆ. ಅದನ್ನು ಹೊಡೆದ ಮೇಲೆ ಮೈಟ್ ಹೆಚ್ಚುವುದನ್ನು ಬೇರೆ ಬೇರೆ ದೇಶಗಳಲ್ಲಿ ನೋಡಿ ಬರೆದಿದ್ದಾರೆ. ನಾನು ನೋಡಿದ್ದು ಗಿಡದ ತುದಿಗೆ ನವಿರಾದ ಬಲೆ ಕಟ್ಟಿ ಎಲೆಯೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿದ್ದನ್ನು. ಪ್ರಮಾಣ ಸಾಲಲಿಲ್ಲವೆಂದು ಇನ್ನಷ್ಟು ಹೊಡೆದೆ. 'ಕಾಲು ಎಣಿಸಿ, ಆರಿದ್ದರೆ ಕೀಟ, ಎಂಟಿದ್ದರೆ ಜೇಡದ ವರ್ಗ' ಎಂದು ಎಂಟನೇ ಕ್ಲಾಸಿಗೆ ಹೇಳಿ ಮನೆಗೆ ಬಂದು, ಕಾಲು ಎಣಿಸದೆ ಡಬ್ಬಿ ಬಿಚ್ಚಿದ್ದೆ.

ಈಗ ಬಿಳಿ ಹಾಳೆಯೊಂದನ್ನು ಎಲೆಯ ಕೆಳಗೆ ಹಿಡಿದು ಬೆರಳಿನಿಂದ ತಟ್ಟುತ್ತೇನೆ. ಧೂಳಿನ ಹಾಗೆ ಉದುರಿದ್ದರಲ್ಲಿ ಕೆಲವು ಕಣ ಕ್ಷಣ ಬಿಟ್ಟು ನಡೆಯಲು ಶುರುಮಾಡುತ್ತವೆ. ನೀಳವಾಗಿದ್ದು ಸರಸರ ಓಡಿದರೆ, ಹಾರಿದರೆ ಥ್ರಿಪ್ಸ್. ದುಂಡಗಿದ್ದು ನಿಧಾನಕ್ಕೆ ಹರಿದರೆ ಮೈಟ್. ಮೈಟ್ ಆದರೆ ನನ್ನ ಮೊದಲ ಔಷಧಿ ನೀರು: ಪೈಪು ಹಿಡಿದು ಎಲೆಯ ತಳಭಾಗಕ್ಕೆ ರಭಸವಾಗಿ ಬಿಡುವುದು. ಮೀರಿದರೆ ನೀರಿನಲ್ಲಿ ಕರಗುವ ಗಂಧಕ, ಅದೂ ತಂಪು ಹೊತ್ತಿನಲ್ಲಿ. ಬೇವಿನೆಣ್ಣೆ ಹೊಡೆದ ಬೆನ್ನಿಗೇ ಗಂಧಕ ಹೊಡೆದರೆ ಎಲೆ ಸುಡುತ್ತದೆ ಎಂಬುದನ್ನೂ ನಾನು ಓದಿ ಕಲಿಯಲಿಲ್ಲ, ಸುಟ್ಟು ಕಲಿತೆ.

ಹಾಸನದ ಮನೆಯ ದಾಸವಾಳದ ಕತೆ ಚಿಕ್ಕದು. ಕುಡಿಗೆ ಹಿಟ್ಟು ತಿಗಣೆ ಹತ್ತಿ ಎಲೆ ಮುದುಡಿತ್ತು. ಔಷಧಿ ಬೇಡವೆಂದು ಈ ಸಲ ಸಾಬೂನು ನೀರು, ಹಳೇ ಟೂತ್ ಬ್ರಷ್ ಹಿಡಿದು ಕೂತೆ. ಬುದ್ಧಿವಂತಿಕೆಯಿಂದ ದೊಡ್ಡದನ್ನು ಮೊದಲು ಉ‌ಜ್ಜಿದೆ; ಮೈತುಂಬ ಉದ್ದುದ್ದ ಬಿಳಿ ಮೇಣದ ಎಳೆ ಇಳಿಬಿಟ್ಟುಕೊಂಡು ಚುರುಕಾಗಿ ಓಡಾಡುತ್ತಿದ್ದವನ್ನು. ಸಣ್ಣವು ಕೂತಲ್ಲೇ ಕೂತಿದ್ದವು, ನಾಳೆ ನೋಡಿಕೊಳ್ಳೋಣವೆಂದು ಬಿಟ್ಟೆ. ಆ ದೊಡ್ಡವು ತಿಗಣೆಯಲ್ಲ, ತಿಗಣೆಯನ್ನು ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳದ ಮರಿಗಳು. ಬೇಟೆಯ ನಡುವೆ ಬೇಟೆಯ ವೇಷದಲ್ಲೇ ಓಡಾಡುತ್ತವೆ. ದೊಡ್ಡದಾದ ಮೇಲೆ ಕಪ್ಪು ಮೈ, ಕಿತ್ತಳೆ ಬಣ್ಣದ ತಲೆ. 1898ರಲ್ಲಿ ಆಸ್ಟ್ರೇಲಿಯಾದಿಂದ ಈ ದೇಶಕ್ಕೆ ತಂದ ಜೀವಿ. ದ್ರಾಕ್ಷಿ ಬೆಳೆಗಾರರು ದುಡ್ಡು ಕೊಟ್ಟು ತಂದು ತೋಟಕ್ಕೆ ಬಿಡುತ್ತಾರೆ. ನನ್ನ ದಾಸವಾಳಕ್ಕೆ ಅದು ತಾನಾಗಿ ಬಂದಿತ್ತು, ನಾನು ಬ್ರಷ್ ಹಾಕಿ ಉಜ್ಜಿದೆ. ಗುಲಗಂಜಿ ಹುಳ ಎಂದರೆ ಕೆಂಪು ಬೆನ್ನಿನ ಮೇಲೆ ಕರಿಚುಕ್ಕೆ ಎಂದಷ್ಟೇ ನಮಗೆ ಗೊತ್ತು. ಅದರ ಬಾಲ್ಯವನ್ನು ಯಾರೂ ತೋರಿಸಿರುವುದಿಲ್ಲ.

2008ರಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡು, ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ ಎನ್ನದೆ ಹತ್ತಿದಾಗಲೂ ಯಾವ ಔಷಧಿಗೂ ಅದು ಜಗ್ಗಿರಲಿಲ್ಲ. 2010ರಲ್ಲಿ ಬೆಂಗಳೂರಿನ ಕೇಂದ್ರ ಸಂಸ್ಥೆ ಅಸಿರೋಫೇಗಸ್ ಪಪಾಯೆ ಎಂಬ ಸಣ್ಣ ಕಣಜವನ್ನು ಪೋರ್ಟೊ ರಿಕೊದಿಂದ ತರಿಸಿ ಬಿಡಿಸಿದ ಮೇಲೆ ಹತೋಟಿಗೆ ಬಂತು. ಅದು ಯಾವ ತಿಗಣೆ, ಯಾವ ದೇಶದ್ದು ಎಂದು ಮೊದಲು ಗುರುತು ಹಿಡಿದದ್ದರಿಂದ ಮಾತ್ರ ಅದರ ವೈರಿಯನ್ನು ಎಲ್ಲಿ ಹುಡುಕಬೇಕೆಂದು ತಿಳಿಯಿತು.

ಇಷ್ಟೂ ನನ್ನ ಗಿಡ, ನನ್ನ ನಷ್ಟ. ಹೊಳೆನರಸೀಪುರದ್ದು ಹಾಗಲ್ಲ. ಅದನ್ನು ಹೇಳಲು ಇಷ್ಟು ಹೊತ್ತು ತಡೆದೆ.

ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಮಾವತಿ ನಾಲೆಯ ನೀರಿನಲ್ಲಿ ಬೇಸಾಯ ಮಾಡಿಕೊಂಡಿದ್ದ. ಒಂದು ಕಡೆ ಮುಸುಕಿನ ಜೋಳ, ಇನ್ನೊಂದು ಕಡೆ ಆಯುಧಪೂಜೆಗೆಂದು ಚೆಂಡು ಹೂ. ಮೊಗ್ಗು ಕಚ್ಚುವ ಹೊತ್ತಿಗೆ ಗಿಡಗಳೆಲ್ಲ ತಿರುಚಿಕೊಂಡವು. ಕಾಂಡ ಬಾಗಿ ಸೊಟ್ಟಗಾಯಿತು, ಹೊಸ ಎಲೆ ಕಿರಿದಾಗಿ ಸುರುಳಿ ಸುತ್ತಿತು. 'ಸಾರ್, ಒಂದ್ಸಲ ಬಂದು ನೋಡಿ ಸಾರ್' ಎಂದು ಬಂದು ಕರೆದ. ಹೋಗಿ ನೋಡಿದೆ. ನಿಂತ ಹೆಜ್ಜೆಯಲ್ಲೇ, 'ಇದು ನಂಜು ರೋಗ ಕಣಯ್ಯ, ವೈರಸ್ಸು. ಮದ್ದಿಲ್ಲ. ಪಕ್ಕದವರ ಹೊಲಕ್ಕೆ ಹರಡೋ ಮುಂಚೆ ಕಿತ್ತು ಸುಡು' ಅಂದೆ. ಅವನು ಮರುಮಾತಾಡಲಿಲ್ಲ. ಮೇಷ್ಟ್ರು ಹೇಳಿದ್ದಾರೆ ಎಂದು ಗಂಡ ಹೆಂಡತಿ ಕೂಡಿ ಕಿತ್ತು, ರಾಶಿ ಹಾಕಿ, ಸುಟ್ಟರು.

ಅವತ್ತು ನನ್ನ ಕಣ್ಣಿಗೆ ಬಿದ್ದಿದ್ದನ್ನೇ ಈಗ ಬರೆಯುತ್ತೇನೆ. ರೋಗ ಒಂದು ಗಿಡದಿಂದ ಇನ್ನೊಂದಕ್ಕೆ ಹಬ್ಬುತ್ತದೆ. ಇಲ್ಲಿ ಒಂದು ತೀವ್ರ, ಒಂದು ನೆಟ್ಟಗೆ ಎಂಬುದೇ ಇರಲಿಲ್ಲ, ಎಲ್ಲ ಒಂದೇ ವಾರದಲ್ಲಿ ಒಂದೇ ಸಮ ತಿರುಚಿದ್ದವು. ಕೊನೆಯ ಎರಡು ಸಾಲು ಮಾತ್ರ ಚೆನ್ನಾಗಿದ್ದವು. ಸಾಲುಗಳ ನಡುವೆ ಇದ್ದ ಪಾರ್ಥೇನಿಯಂ ಕೂಡ ಅದೇ ರೀತಿ ಸುರುಳಿ ಸುತ್ತಿತ್ತು, ಹುಲ್ಲು ಮಾತ್ರ ಏನೂ ಆಗದೆ ಹಸಿರಾಗಿತ್ತು. ಚೆಂಡು ಹೂವಿಗೂ ಪಾರ್ಥೇನಿಯಂಗೂ ಒಂದೇ ದಿನ ಬಂದು, ಎರಡು ಸಾಲಿನ ಹತ್ತಿರ ಗೆರೆ ಕೊಯ್ದ ಹಾಗೆ ನಿಲ್ಲುವ ವೈರಸ್ ಯಾವುದು? ಅವನನ್ನು ಒಂದೇ ಒಂದು ಪ್ರಶ್ನೆ ಕೇಳಿದ್ದರೂ ಸಾಕಿತ್ತು: ಇದಕ್ಕೆ ಹಿಂದಿನ ವಾರ ಏನು ಹೊಡೆದೆ, ಯಾವುದರಲ್ಲಿ ಹೊಡೆದೆ?

ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಆಮೇಲೆ ಯಾವಾಗಲೋ ಒಂದು ತರಬೇತಿಗೆ ಕೂತಿದ್ದೆ. ಗೋಡೆಯ ಮೇಲೆ ಚಿತ್ರ ಬಿತ್ತು: ಸೊಟ್ಟ ಕಾಂಡ, ಸುರುಳಿ ಎಲೆ. ಅದೇ ಗಿಡ. ಕೆಳಗೆ 'ಟು-ಫೋರ್-ಡಿ ಕಳೆನಾಶಕದ ಹಾನಿ' ಎಂದಿತ್ತು. ಅಗಲ ಎಲೆಯ ಗಿಡಗಳನ್ನು ತಿರುಚಿ ಕೊಲ್ಲುವ, ಜೋಳ, ಭತ್ತ, ಹುಲ್ಲಿನ ಜಾತಿಯನ್ನು ಬಿಟ್ಟುಬಿಡುವ ಔಷಧಿ. ನನ್ನ ವಿದ್ಯಾರ್ಥಿ ಜೋಳದ ಕಳೆಗೆ ಹೊಡೆದ ಕ್ಯಾನನ್ನೇ ಬರಿ ನೀರಲ್ಲಿ ಅಲುಬಿ, ಹುಳುವಿನ ಔಷಧಿ ಬೆರೆಸಿ ಚೆಂಡು ಹೂವಿಗೆ ಹೊಡೆದಿದ್ದ. ತಳದಲ್ಲಿ, ಪೈಪಿನಲ್ಲಿ ಉಳಿದ ಚೂರೇ ಸಾಕಾಯಿತು. ಔಷಧಿ ಕೊನೆಯ ಎರಡು ಸಾಲಿಗೆ ಸಾಲದೆ ಬಂದಿತ್ತು, ಅವು ಉಳಿದವು. ನಾನು ಅವನ್ನೂ ಸುಡಿಸಿದ್ದೆ. ಅಷ್ಟು ಅಲ್ಪ ಉಳಿಕೆಗೆ ತಿರುಚಿದ ಗಿಡಗಳಲ್ಲಿ ಕೆಲವಾದರೂ ಹೊಸ ಕುಡಿ ಒಡೆದು ಚೇತರಿಸಿಕೊಳ್ಳುತ್ತಿದ್ದವೇನೋ. ಆಯುಧಪೂಜೆಗೆ ಲಾರಿ, ಬಸ್ಸು, ಅಂಗಡಿ ಬಾಗಿಲಿಗೆಲ್ಲ ಹಾಕುವ ಹೂವಿನ ಬೆಳೆ ಅದು.

ಹೇಳದೆ ಇದ್ದುಬಿಡಬಹುದಿತ್ತು. ಗೌಡರು ಬೇರು ತೊಳೆದು ತೋರಿಸಿದ ಮೇಲೆ ಆಗಲಿಲ್ಲ. ಹೊಳೆನರಸೀಪುರದ ಬಸ್ಸು ಹತ್ತಿ ಹೋಗಿ ಅವನ ಮನೆಯ ಜಗಲಿ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವನ ಹೆಂಡತಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದಳು. ಪಾತ್ರೆಯ ಸದ್ದು ನಿಂತದ್ದರಿಂದ ಗೊತ್ತಾಯಿತು. ಅವನು ತಲೆ ಕೆರೆದುಕೊಂಡು, 'ಆ ಕ್ಯಾನು ನಂದಲ್ಲ ಸಾರ್, ಬಾಡಿಗೆಗೆ ತಂದಿದ್ದು' ಅಂದ. ಇನ್ನೂ ಏನೋ ಹೇಳುವವನಂತೆ ಇದ್ದು, ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದ. ಆಕೆ ಕಾಫಿ ತಂದಿಟ್ಟು, 'ಆ ವರ್ಷ ಚೀಟಿ ಕಟ್ಟೋಕೆ ಆಗ್ಲಿಲ್ಲ ಸಾರ್' ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ನಾನು ದುಡ್ಡಿನ ಮಾತೆತ್ತಿದೆ, ಇಬ್ಬರೂ ಬೇಡವೆಂದರು. ಹೆಚ್ಚು ಒತ್ತಾಯ ಮಾಡಲಿಲ್ಲ ನಾನು. ಮಾಡಬೇಕಿತ್ತು.

ಈಗ ಅವನ ಮನೆಯಲ್ಲಿ ಎರಡು ಕ್ಯಾನಿವೆ. ಕಳೆ ಔಷಧಿಯದಕ್ಕೆ ಮುಚ್ಚಳದ ಮೇಲೆ ಕೆಂಪು ಬಣ್ಣ ಬಳಿದು, ದನದ ಕೊಟ್ಟಿಗೆಯಾಚೆ ನೇತುಹಾಕಿದ್ದಾನೆ. ಚೆಂಡು ಹೂವನ್ನು ಮತ್ತೆ ಹಾಕುತ್ತಾನೆ. ಗಿಡಕ್ಕೆ ಏನಾದರೂ ಬಂದರೆ ನನ್ನನ್ನು ಕೇಳುವುದಿಲ್ಲ. ಬೇರು ಸಮೇತ ಎಬ್ಬಿಸಿ, ಮಣ್ಣು ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ನೇರ ಕಂದಲಿಗೆ ಹೋಗುತ್ತಾನೆ. ಹೊಳೆನರಸೀಪುರದಿಂದ ಕಂದಲಿಗೆ ಹೋಗಬೇಕಾದರೆ ಹಾಸನ ದಾಟಬೇಕು. ಹೋಗುವಾಗ ನಮ್ಮ ಮನೆಯಲ್ಲಿ ಟೀ ಕುಡಿಯುತ್ತಾನೆ. ಚೀಲ ಬೈಕಿನಲ್ಲೇ ಇರುತ್ತದೆ.